ಸೊಳ್ಳೆ ಹೋಗಿ ಚಕ್ರವರ್ತಿ ಬಂದದ್ದು

ಏಳು ಸಮುದ್ರದ ಆಚೆಯಲ್ಲ, ನೇತ್ರಾವತಿಯ ಈಚೆ, ಇದೇ ಮಂಗಳೂರಿನಲ್ಲಿ, ಸಿನೆಮಾ ಇನ್ನೂ ಬಾಯಿ ಬಿಡದಿದ್ದ ಕಾಲದಲ್ಲಿ ಮಾಯಿಲಪ್ಪ ಎಂಬ ಒಬ್ಬ ತೆರೆ ಹಿಡಿಯುವವನಿದ್ದ. ಬಯಲಾಟದಲ್ಲಿ ಅವನು ರಾಜನೂ ಅಲ್ಲ, ರಾಕ್ಷಸನೂ ಅಲ್ಲ. ರಾಕ್ಷಸ ಬರುವ ಮುಂಚೆ ಅವನ ಎದುರು ಬಟ್ಟೆಯ ಒಂದು ತುದಿ ಹಿಡಿದು ನಿಲ್ಲುವವ. ಇಪ್ಪತ್ತೆರಡು ವರ್ಷ ಹೀಗೆ ನಿಂತ ಮೇಲೆ ಅವನ ಭುಜ, ಇನ್ನು ನಾನು ಏಳುವುದಿಲ್ಲ ಎಂದು ಹಟ ಹಿಡಿಯಿತು. ಮೇಳದವರು ಎಲೆಯಡಿಕೆ ಕೊಟ್ಟು ಮನೆಗೆ ಕಳಿಸಿದರು.

ಮನೆಯಲ್ಲಿ ಬಾಗಿ ಎಂಬ ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇನ್ನು ಎಂತ ಹಿಡೀತೀರಿ? ನನ್ನ ಸೆರಗಾ?"

ಅವಳ ಬಾಯಿಗೆ ಹೆದರಿಯೇ ಅವನು ಆಂಬ್ರೋಸ್ ಮಾಸ್ಟ್ರ ಬಳಿ ಹೋದದ್ದು. ಮಾಸ್ಟ್ರು ಸರಕಾರದ ಪರವಾಗಿ ಊರೂರಿಗೆ ಹೋಗಿ ಮಲೇರಿಯಾದ ಮೇಲೆ ಭಾಷಣ ಮಾಡುವವರು. ಭಾಷಣಕ್ಕೆ ಜೊತೆಯಾಗಿ ಮ್ಯಾಜಿಕ್ ಲ್ಯಾಂಟರ್ನು: ಒಂದರ ಮೇಲೊಂದು ಎರಡು ದೀಪದ ಪೆಟ್ಟಿಗೆ, ಒಂದೊಂದಕ್ಕೂ ಒಂದು ತಿರುಪು, ಬಣ್ಣ ಬಳಿದ ಗಾಜಿನ ಚಿತ್ರ ಹನ್ನೆರಡು. ಎಡಗೈಯಲ್ಲಿ ಮೇಲಿನ ದೀಪವನ್ನು ತಗ್ಗಿಸುತ್ತ, ಬಲಗೈಯಲ್ಲಿ ಕೆಳಗಿನದನ್ನು ಏರಿಸಬೇಕು. ಆಗ ಒಂದು ಚಿತ್ರ ಇನ್ನೊಂದರೊಳಗೆ ಕರಗುತ್ತದೆ. ಹಳೆಯ ಲ್ಯಾಂಟರ್ನಿನವ ಮುಂಬಯಿಗೆ ಓಡಿಹೋಗಿದ್ದ.

"ಪರದೆ ಖಾಲಿ ಬಿದ್ದರೆ ಜನ ಎದ್ದು ಹೋಗ್ತಾರೆ," ಎಂದರು ಮಾಸ್ಟ್ರು. "ಮೂರು ಪ್ರದರ್ಶನ ನೋಡ್ತೇನೆ. ಅದರಲ್ಲಿ ಒಂದನ್ನಾದರೂ ಪರದೆ ಖಾಲಿ ಬೀಳದ ಹಾಗೆ ಮುಗಿಸು, ಕೆಲಸ ನಿನ್ನದು."

"ಮುಗಿಸ್ತೇನೆ ಮಾಸ್ಟ್ರೇ. ಮಾತು ಕೊಟ್ಟೆ."

ಮೊದಲನೆಯದು ತೊಕ್ಕೊಟ್ಟಿನಲ್ಲಿ. ಮಾಯಿಲಪ್ಪ ಒಂದು ದೀಪವನ್ನು ಪೂರ್ತಿ ಆರಿಸಿ, ಗೌರವದಿಂದ ಎರಡು ಉಸಿರು ಕಾದು, ಮತ್ತೆ ಇನ್ನೊಂದನ್ನು ಏರಿಸಿದ. ಹನ್ನೊಂದು ಸಲ ಕತ್ತಲಾಯಿತು. ಹನ್ನೊಂದನೆಯ ಕತ್ತಲು ಮುಗಿಯುವಾಗ ನೆಲಗಡಲೆ ಮಾರಲು ಬಂದಿದ್ದ ಮುದ್ದುವಿನ ಬುಟ್ಟಿಯಲ್ಲಿ, ಕತ್ತಲಲ್ಲಿ ಆಡಿದ ಕೈಗಳಿಂದಾಗಿ, ಬುಟ್ಟಿ ಮಾತ್ರ ಉಳಿದಿತ್ತು.

"ಎಂತ ಮಾರಾಯ ಇದು?" ಎಂದರು ಮಾಸ್ಟ್ರು.

"ಸೊಳ್ಳೆ ಒಳಗೆ ಹೋಗದೆ ಗುಣವಾದ ಸಂಸಾರ ಹೊರಗೆ ಬರುವುದು ಹೇಗೆ ಮಾಸ್ಟ್ರೇ? ರಂಗಸ್ಥಳಕ್ಕೆ ಒಂದು ಮರ್ಯಾದೆ ಉಂಟಲ್ಲ."

"ಸೊಳ್ಳೆಗೆ ಎಂತ ಮರ್ಯಾದೆ?"

"ವೇಷ ಯಾರದ್ದಾದರೂ ವೇಷವೇ."

ಎರಡನೆಯದು ಬಲ್ಮಠದಲ್ಲಿ. ಈ ಸಲ ಅವಸರದಲ್ಲಿ ಗಾಜು ತೂರಿಸುವ ಮೊದಲೇ ದೀಪ ಏರಿಸಿಬಿಟ್ಟ. ಪರದೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಅಂಥ ಬಿಳುಪು ಕಂಡರೆ ಯಾರ ಕೈ ಸುಮ್ಮನಿರುತ್ತದೆ? ಮಕ್ಕಳಿಗಿಂತ ಮುಂಚೆ ವಕೀಲರೊಬ್ಬರು ಬೆರಳು ಮಡಚಿ ನಾಯಿಯ ನೆರಳು ಮಾಡಿದರು. ಎದುರು ಸಾಲಿನವರು ಹುಂಜ ಮಾಡಿದರು. ಮಲೇರಿಯಾ ಮರೆತೇ ಹೋಯಿತು.

"ಇನ್ನೊಂದೇ ಉಂಟು," ಎಂದರು ಮಾಸ್ಟ್ರು. "ಫಳ್ನೀರಿನದ್ದಕ್ಕೆ ಹೆಲ್ತ್ ಆಫೀಸರು ಬರ್ತಾರೆ. ನಮ್ಮ ಷರತ್ತು ಅವರಿಗೂ ಗೊತ್ತುಂಟು."

ಆ ವಾರವಿಡೀ ಮಾಯಿಲಪ್ಪ ಗೋಡೆಯೆದುರು ಎರಡು ಚಿಮಿಣಿ ದೀಪ ಇಟ್ಟು, ಒಂದರ ಬತ್ತಿ ಇಳಿಸಿ ಇನ್ನೊಂದರದ್ದು ಏರಿಸಿ, ಮನೆಯನ್ನು ಮಸಿ ಮಾಡಿದ. ಬಾಗಿ ಒಲೆಯ ಬುಡದಿಂದ ನೋಡುತ್ತಿದ್ದಳು.

"ಗಂಜಿ ಇಳಿಸುವಾಗ ನನ್ನ ಒಲೆ ಯಾವತ್ತಾದ್ರೂ ಖಾಲಿ ಉರಿದದ್ದುಂಟಾ? ಸಾರಿನ ಮಡಕೆ ಮೊದಲೇ ಅರ್ಧ ಒಲೆಗೆ ಬಂದಿರ್ತದೆ. ನಿಮ್ಮ ವೇಷದವರು ಮಾತ್ರ ಒಬ್ಬ ಹೋಗಿ, ಬಾಗಿಲು ಹಾಕಿ, ಮತ್ತೆ ಇನ್ನೊಬ್ಬ ಬರಬೇಕು. ದೊಡ್ಡ ಮನೆಯವರು."

ಮಾಯಿಲಪ್ಪ ಬತ್ತಿಯಿಂದ ಕೈ ತೆಗೆದು ಅವಳ ಒಲೆಯನ್ನು ಬಹಳ ಹೊತ್ತು ನೋಡಿದ. ಗಂಜಿ ಮಡಕೆಯೂ ಸಾರಿನ ಮಡಕೆಯೂ ಒಂದೇ ಬೆಂಕಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಯಾರ ಮರ್ಯಾದೆಯೂ ಹೋಗಿರಲಿಲ್ಲ.

ಫಳ್ನೀರಿನ ಶಾಲೆಯಂಗಳದಲ್ಲಿ ಸಂಜೆ ಕಪ್ಪಾಗುವಾಗ ಜನ ತುಂಬಿದ್ದರು. ಎದುರಿನ ಕುರ್ಚಿಯಲ್ಲಿ ಹೆಲ್ತ್ ಆಫೀಸರು. ಕೆರೆ ಕರಗಿ ಕೊಳಚೆ ಬಂತು, ಕೊಳಚೆ ಕರಗಿ ಜ್ವರದವನ ಮಂಚ ಬಂತು, ಮಂಚ ಕರಗಿ ಆಳೆತ್ತರದ ಸೊಳ್ಳೆ ಬಂತು. ಹತ್ತನೆಯದಾದ ಈ ಸೊಳ್ಳೆಯವರೆಗೆ ಪರದೆ ಒಮ್ಮೆಯೂ ಖಾಲಿ ಬಿದ್ದಿರಲಿಲ್ಲ. ಉಳಿದದ್ದು ಎರಡು: ಗುಣವಾದ ಸಂಸಾರ, ಕೊನೆಗೆ ಬ್ರಿಟಿಷ್ ಚಕ್ರವರ್ತಿಯ ಮುಖ.

ಆಗ ಮಾಸ್ಟ್ರ ಕುರ್ಚಿಯಿಂದ ಕಟಕ್ಕೆಂದಿತು. ಆಫೀಸರಿಗೆ ನಾಲ್ಕನೆಯ ಬಾರಿ ನಮಸ್ಕಾರ ಮಾಡಿ ಕುಳಿತ ಅವರು, ಕುರ್ಚಿಯಲ್ಲಿ ತಾವೇ ಇಟ್ಟಿದ್ದ ಗುಣವಾದ ಸಂಸಾರದ ಮೇಲೆಯೇ ಕುಳಿತಿದ್ದರು.

"ಮುಂದಿನದ್ದು ಹಾಕು," ಎಂದು ಪಿಸುಗುಟ್ಟಿದರು, ಗಾಜಿನ ಚೂರು ಹುಡುಕುತ್ತ.

ಮಾಯಿಲಪ್ಪ ಚಕ್ರವರ್ತಿಯನ್ನು ಕೆಳಗಿನ ಪೆಟ್ಟಿಗೆಗೆ ತೂರಿಸಿದ. ಆಮೇಲೆ ಪರದೆಯ ಮೇಲಿನ ಸೊಳ್ಳೆಯನ್ನೊಮ್ಮೆ ನೋಡಿದ. "ಮಾಸ್ಟ್ರೇ, ಸೊಳ್ಳೆ ಇರುವಾಗಲೇ ಇವರು ಬರ್ತಾರೆ."

"ಹಾಗೆ ಬರಬೇಕು ಅಂತಲೇ ಅಲ್ವಾ ನಾನು ತಿಂಗಳಿಂದ ಬಡ್ಕೊಳ್ಳುವುದು?"

ಕತ್ತಲು ಮಾಡಿದರೆ ಕೆಲಸ ಇಲ್ಲ. ಮಾಡದಿದ್ದರೆ ಜೈಲು ಇದ್ದರೂ ಇರಬಹುದು. ಜೈಲಿನಲ್ಲಿ ಬಾಗಿ ಇರುವುದಿಲ್ಲ ಎಂದು ಲೆಕ್ಕ ಹಾಕಿ ಮಾಯಿಲಪ್ಪ ಎರಡೂ ತಿರುಪಿಗೆ ಕೈಯಿಟ್ಟ.

ಮೊದಲು ರೆಕ್ಕೆಯ ನಡುವೆ ಕಿರೀಟ ಮೂಡಿತು. ಆರು ಕಾಲುಗಳ ಸಂದಿಯಲ್ಲಿ ಗಡ್ಡ ಬಂತು. ಆಮೇಲೆ ಸೊಳ್ಳೆಯ ಸೂಜಿ, ಅಳತೆ ಮಾಡಿ ಇಟ್ಟ ಹಾಗೆ, ಚಕ್ರವರ್ತಿಯ ಮೂಗಿನ ತುದಿಗೆ ಬಂದು ಕೂತಿತು.

ಹೆಂಗಸರ ಕಡೆಯಿಂದ ಬೀಫಾತಿಮ್ಮನ ಸ್ವರ ಕೇಳಿತು. "ಅಲ್ಲ ನಬೀಸಾ, ಅರಮನೆಯಲ್ಲಿ ಸೊಳ್ಳೆಪರದೆ ಇಲ್ವಾ?"

"ಇದ್ದಿದ್ರೆ ಅಷ್ಟು ಆರಾಮಾಗಿ ಕೂತ್ಕೊಳ್ತಿತ್ತಾ?" ಎಂದಳು ಪಕ್ಕದ ನಬೀಸಾ.

ನಗು ಹಿಂದಿನ ಸಾಲಿಂದ ಮುಂದಿನ ಸಾಲಿಗೆ ಉರುಳಿಕೊಂಡು ಬಂತು. ಮಾಸ್ಟ್ರು ತಲೆಯೆತ್ತಿ ಪರದೆ ನೋಡಿದವರೇ, ಆರಿಸು, ಆರಿಸು ಎಂದು ಎರಡೂ ಕೈ ಬೀಸಿದರು. ಮಾಯಿಲಪ್ಪನಿಗೆ ಕಂಡಿತು. ಆದರೆ ಅರ್ಧ ಇಳಿದ ತೆರೆಯನ್ನು ಅವನು ಜನ್ಮದಲ್ಲಿ ಮೇಲಕ್ಕೆ ಎಳೆದವನಲ್ಲ. ಭಾಗವತರು ಬೈದರೂ, ಚೆಂಡೆಯವ ತಾಳ ತಪ್ಪಿಸಿದರೂ, ಇಳಿದದ್ದು ಇಳಿಯಲೇಬೇಕು. ಭುಜ ಕಿರುಗುಟ್ಟುತ್ತಿತ್ತು. ಎಡಗೈ ಇಳಿಯುತ್ತಿತ್ತು, ಬಲಗೈ ಏರುತ್ತಿತ್ತು, ಒಂದಕ್ಕೂ ಇನ್ನೊಂದನ್ನು ಮೀರುವ ಅವಸರವಿರಲಿಲ್ಲ.

ಕಾಲುಗಳು ತೆಳುವಾದವು. ರೆಕ್ಕೆ ಹೊಗೆಯಾಯಿತು. ಎಲ್ಲಕ್ಕಿಂತ ಕೊನೆಗೆ, ಒಲ್ಲದ ಮನಸ್ಸಿನಿಂದ, ಮೂಗಿನಿಂದ ಸೂಜಿ ಎದ್ದುಹೋಯಿತು. ಚಕ್ರವರ್ತಿ ಒಬ್ಬರೇ ಉಳಿದರು. ನಿಯಮದಂತೆ ಎಲ್ಲರೂ ಎದ್ದು ನಿಂತರು, ನಗುವವರು ಹೊಟ್ಟೆ ಹಿಡಿದುಕೊಂಡೇ.

ಆಫೀಸರು ಪರದೆಯಿಂದ ಕಣ್ಣು ತೆಗೆಯದೆ, ನಗು ತಡೆಯಲು ಮೀಸೆ ಕಚ್ಚಿಕೊಂಡು ಕೇಳಿದರು. "ನಡುವೆ ಎಲ್ಲಿಯೂ ಖಾಲಿ ಬೀಳ್ಲಿಲ್ಲ ಅಲ್ವಾ ಮಾಸ್ಟ್ರೇ?"

ಆಂಬ್ರೋಸ್ ಮಾಸ್ಟ್ರು ಕುತ್ತಿಗೆಯ ಬೆವರು ಒರೆಸಿಕೊಂಡರು. "ಇಲ್ಲ ಸಾರ್. ಬೀಳ್ಲಿಲ್ಲ."

ಮಾಯಿಲಪ್ಪ ತಿರುಪಿನಿಂದ ಕೈ ತೆಗೆದ.