ಹನ್ನೆರಡು ಗಿರೆ

ಕತ್ತರಿ ಬಟ್ಟೆಗೆ ತಾಗುವ ಮೊದಲೇ ಶರೀಫುನ್ನೀಸಾ ಮನಸ್ಸಿನಲ್ಲಿ ಹದಿಮೂರನೆಯ ರವಿಕೆ ಹೊಲಿದು ಮುಗಿಸಿದ್ದಳು.

ಪಿಲ್ಲಗುಂಪೆಯ ಗಂಗಲಕ್ಷ್ಮಮ್ಮ ತನ್ನ ಮಗಳು ಭಾಗ್ಯಮ್ಮನ ಮದುವೆಗೆಂದು ತಂದುಕೊಟ್ಟದ್ದು ಒಂಬತ್ತು ಗಜ ಹಸಿರು ಬಟ್ಟೆ. ಯುದ್ಧದ ಕಾಲ. ಅಷ್ಟಕ್ಕೇ ಆಕೆ ಹೊಸಕೋಟೆಯ ರೇಷನ್ ಅಂಗಡಿಯ ಮುಂದೆ ನಾಲ್ಕು ದಿನ ಬಿಸಿಲು ಕುಡಿದಿದ್ದಳು. ಮನೆಯ ಹೆಂಗಸರೆಲ್ಲ ಒಂದೇ ಬಟ್ಟೆಯ ರವಿಕೆ ತೊಟ್ಟು ಬೀಗರನ್ನು ಎದುರುಗೊಳ್ಳುವುದು ಅವರ ಮನೆತನದ ಪದ್ಧತಿ. ಹನ್ನೆರಡು ರವಿಕೆ, ಒಂದೊಂದಕ್ಕೆ ಮುಕ್ಕಾಲು ಗಜ. ಅಳತೆಗೆಂದು ಹನ್ನೆರಡು ಹಳೆಯ ರವಿಕೆಗಳ ಗಂಟನ್ನೂ ಇಟ್ಟುಹೋಗಿದ್ದಳು.

"ಗಜಕ್ಕೆ ಹದಿನಾರು ಗಿರೆ, ಮುಕ್ಕಾಲು ಗಜಕ್ಕೆ ಹನ್ನೆರಡು," ಎಂದಳು ಮಗಳು ಜಹೀರುನ್ನೀಸಾ, ಸ್ಲೇಟು ಹಿಡಿದು. "ಒಂದೊಂದ್ರಲ್ಲಿ ಒಂದೇ ಒಂದು ಗಿರೆ ಉಳಿಸಮ್ಮಾ. ಹನ್ನೆರಡು ಸಲ ಉಳಿಸಿದ್ರೆ ಮತ್ತೆ ಮುಕ್ಕಾಲು ಗಜ. ನನಗೊಂದು ಕುಪ್ಪಸ!"

"ಬಾಯಿ ಮುಚ್ಚೇ," ಎಂದಳು ತಾಯಿ. ಆದರೆ ಹಬ್ಬಕ್ಕೆ ಹದಿನೈದೇ ದಿನವಿತ್ತು. ಮಗಳಿಗಿದ್ದ ಒಂದೇ ಕುಪ್ಪಸದ ತೋಳು ಹರಿದಿತ್ತು, ಅದನ್ನು ಕೈಯಿಂದ ಮುಚ್ಚಿಕೊಳ್ಳುವುದೇ ಹುಡುಗಿಗೆ ಅಭ್ಯಾಸವಾಗಿಬಿಟ್ಟಿತ್ತು.

ಶರೀಫುನ್ನೀಸಾ ಹನ್ನೊಂದು ಗಿರೆಗೇ ಕತ್ತರಿಸಿದಳು. ಕಡಿಮೆಯಾದದ್ದು ಒಳಮಡಿಕೆಯಲ್ಲಿ, ಹೆಂಗಸರು ಮೈ ತುಂಬಿಕೊಂಡಾಗ ಬಿಚ್ಚಿ ಸಡಿಲ ಮಾಡಲೆಂದು ಬಿಡುವ ಬಟ್ಟೆಯಲ್ಲಿ. ಹೊರಗಿನಿಂದ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಹೊಲಿಯುವವರ ಮನೆಯಲ್ಲಿ ಚೂರು ಬಟ್ಟೆ ಉಳಿಯುವುದು ಇದ್ದದ್ದೇ. ಮುಕ್ಕಾಲು ಗಜವನ್ನು ಮಾತ್ರ ಯಾರೂ ಚೂರೆನ್ನುವುದಿಲ್ಲ.

ಐದನೆಯ ದಿನ ಗಂಗಲಕ್ಷ್ಮಮ್ಮ ಬಂದು ರವಿಕೆಗಳನ್ನು ಮಡಿಲಲ್ಲಿಟ್ಟುಕೊಂಡು ಎಣಿಸಿದಳು. "ಇದು ಭಾಗ್ಯಂದು. ಇದು ಸಪ್ಪಲಮ್ಮತ್ತೇದು. ಇದು ನಮ್ಮ ಕದಿರಮ್ಮಂದು..." ಹನ್ನೆರಡೂ ಮುಗಿದವು.

"ನಿಮ್ದು ಯಾವ್ದಕ್ಕಾ?" ಎಂದು ಕೇಳಿದಳು ಶರೀಫುನ್ನೀಸಾ.

"ನಂದೆಲ್ಲಿ ಬಂತು ಬೂಬಮ್ಮ? ಹನ್ನೆರಡಕ್ಕೇ ಬಟ್ಟೆ ಮುಗ್ದೋಯ್ತು. ನಾನು ಒಲೆ ಮುಂದೆ ಇರೋಳು, ನನ್ನ ಯಾರು ನೋಡ್ತಾರೆ?" ಎಂದು ಗಂಗಲಕ್ಷ್ಮಮ್ಮ ನಕ್ಕು ಸೆರಗು ಸರಿಮಾಡಿಕೊಂಡಳು. ತೋಳಿನ ಮೇಲೆ ತೇಪೆ ಕಾಣಿಸಿತು. ಹೋದ ವರ್ಷ ಅದನ್ನು ಹಾಕಿಕೊಟ್ಟವಳು ಶರೀಫುನ್ನೀಸಾಳೇ.

ಅವಳು ಎದ್ದುಹೋಗಿ ಪೆಟ್ಟಿಗೆಯಿಂದ ಹಸಿರು ತುಂಡನ್ನು ತಂದು ಮುಂದಿಟ್ಟಳು. "ಬಟ್ಟೆ ಮುಗ್ದಿಲ್ಲಕ್ಕಾ."

ಗಂಗಲಕ್ಷ್ಮಮ್ಮ ತುಂಡನ್ನು ನೋಡಿದಳು. ಆಮೇಲೆ ಮಗಳ ರವಿಕೆಯನ್ನು ಒಳಮಗ್ಗುಲಾಗಿ ತಿರುಗಿಸಿ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಮುಖ ಬಿಗಿದುಕೊಂಡಿತು. "ಮಡಿಕೇನೇ ಇಲ್ಲ. ನಾಳೆ ಭಾಗ್ಯ ಬಸುರಿಯಾದ್ರೆ ಬಿಚ್ಚಿ ಹೊಲಿಯೋಕೆ ಏನೈತೆ?"

"ತಪ್ಪಾಯ್ತಕ್ಕಾ."

"ಯಾರಿಗೇಂತ ಇಟ್ಕೊಂಡಿದ್ದೆ?"

ಗೋಡೆಗೆ ಒರಗಿದ್ದ ಜಹೀರುನ್ನೀಸಾ ತೋಳನ್ನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡಳು. ಗಂಗಲಕ್ಷ್ಮಮ್ಮನ ಕಣ್ಣು ಅತ್ತ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

"ತಿರುಗಿ ನಿಂತ್ಕೊಳ್ಳಿ, ಅಕ್ಕಾ," ಎಂದಳು ಶರೀಫುನ್ನೀಸಾ, ಅಳತೆಯ ಟೇಪು ಎತ್ತಿಕೊಂಡು. ಗಂಗಲಕ್ಷ್ಮಮ್ಮ ಮಡಿಲಲ್ಲಿದ್ದ ರವಿಕೆಗಳನ್ನು ಕೆಳಗಿಟ್ಟು, ಎದ್ದು ತಿರುಗಿ ನಿಂತಳು.

"ಸ್ಲೇಟು ತಗೋ, ಬರ್ಕೋ," ಎಂದಳು ಶರೀಫುನ್ನೀಸಾ ಮಗಳಿಗೆ.

"ಎಷ್ಟು ಗಿರೆ ಬರೀಲಮ್ಮಾ?"

"ಹನ್ನೆರಡು. ಪೂರ್ತಿ ಹನ್ನೆರಡು."

ಬರೆಯುವುದಕ್ಕಾಗಿ ಹುಡುಗಿ ತೋಳಿನ ಮೇಲಿಂದ ಕೈ ತೆಗೆದಳು.