ಬೀಳುವ ಕೆಲಸ

"ದೊಡ್ಡಪ್ಪ, ಇವತ್ತೊಂದಿನ ಹಟ ಬಿಡಿ. ಹತ್ತಿ." ಕೊಲೆಟ್ ಕಪ್ಪು ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ಮುಂದಿನ ಕಾರಿನ ಗಾಜಿನೊಳಗೆ ಅವಳ ದೊಡ್ಡಮ್ಮ ಐರೀನಳ ಶವಪೆಟ್ಟಿಗೆ ಇತ್ತು.

ರೆಜ್ ಕೋಟಿನ ಗುಂಡಿ ಹಾಕಿಕೊಂಡ. "ನಾನು ನಡ್ಕೊಂಡು ಬರ್ತೀನಿ ಕಣಮ್ಮ."

"ಈ ಮಳೇಲಾ? ಜನ ಏನಂತಾರೆ?"

"ಲಿವರ್‌ಪೂಲಲ್ಲಿ ಮಳೇಲಿ ನೆನೆದೋರಿಗೆ ಯಾರೂ ಏನೂ ಅನ್ನಲ್ಲ."

ಹೆಂಡತಿಯ ಹಿಂದೆ ಅವನು ನಡೆದೇ ಹೋದ. ಕಾರುಗಳು ಅವನಿಗಾಗಿ ನಿಧಾನಿಸಿದವು. ಚಿತಾಗಾರದಲ್ಲಿ ಪಾದ್ರಿ, ಐರೀನಳಿಗೆ ಹೂತೋಟವೆಂದರೆ ಪ್ರಾಣ ಎಂದರು. ಅವಳ ಕೈಯಲ್ಲಿ ಒಂದು ಕುಂಡದ ಗಿಡವೂ ಉಳಿದಿದ್ದನ್ನು ರೆಜ್ ಕಂಡಿರಲಿಲ್ಲ.

ಆಮೇಲೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್ಚು. ಐರೀನ್ ಕೆಲಸಕ್ಕಿದ್ದ ವಿಡಿಯೋ ಗೇಮ್ ಕಂಪನಿ ಮುಚ್ಚಿ ವರ್ಷಗಳೇ ಆಗಿದ್ದವು. ಅಲ್ಲಿಂದ ಬಂದವನು ಗ್ಯಾವಿನ್ ಒಬ್ಬನೇ. ಅವನ ಗಡ್ಡವೂ ನರೆತಿತ್ತು.

"ನಮ್ಮಕ್ಕ ನಿಮ್ಮಲ್ಲಿ ಏನ್ ಮಾಡ್ತಿದ್ಲಪ್ಪಾ?" ಐರೀನಳ ತಂಗಿ ಜೋನ್ ಕೇಳಿದಳು.

"ಬೀಳೋ ಕೆಲಸ."

"ಹಾಗಂದ್ರೆ?"

"ನಮ್ಮ ವಿಡಿಯೋ ಗೇಮಲ್ಲಿ ಪಂದ್ಯದ ಗಾಡಿಗಳಿಗೆ ಚಕ್ರ ಇಲ್ಲ. ನೆಲ ಮುಟ್ಟದೆ ತೇಲ್ಕೊಂಡೇ ಓಡ್ತಾವೆ. ದಾರಿ ತಪ್ಪಿ ಪಾತಾಳಕ್ಕೆ ಬಿದ್ರೆ ಒಂದು ಸಣ್ಣ ವಿಮಾನ ಬಂದು ಎತ್ತಿ, ಮತ್ತೆ ದಾರಿ ಮೇಲಿಡುತ್ತೆ. ಸರಿಯಾಗಿ ಎತ್ತುತ್ತೋ ಇಲ್ವೋ ನೋಡೋಕೆ ಐರೀನ್ ಎಲ್ಲಾ ತಿರುವಲ್ಲೂ ಬೇಕಂತಲೇ ಬೀಳೋರು."

"ಸಂಬಳ ತಗೊಂಡು ಬೀಳೋದಾ! ನಾನು ಬಿಟ್ಟಿಯಾಗೇ ಬೀಳ್ತೀನಲ್ಲೋ!" ಎಂದು ಜೋನ್ ನಕ್ಕಳು. ರೆಜ್‌ನ ಮುಖ ನೋಡಿ ನಗು ನುಂಗಿಕೊಂಡಳು.

*

ಎಷ್ಟೋ ವರ್ಷಗಳ ಹಿಂದೆ, ಸಮುದ್ರದ ಕಡೆಯಿಂದ ಮರಳುವಾಗ ಒದ್ದೆ ರಸ್ತೆಯ ತಿರುವಿನಲ್ಲಿ ಕಾರು ಜಾರಿತ್ತು. ಸ್ಟಿಯರಿಂಗ್ ಹಿಡಿದಿದ್ದವನು ರೆಜ್. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಮಗ ಕೀತ್ ಮತ್ತೆ ಏಳಲಿಲ್ಲ. ತಪ್ಪು ಯಾರದೂ ಅಲ್ಲ ಎಂದರು ಪೊಲೀಸರು. 'ನಿನ್ನಿಂದಾಯಿತು' ಎಂದು ಐರೀನ್ ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು ಎಂದು ರೆಜ್‌ಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಅವನು ಮತ್ತೆ ಕಾರು ಹತ್ತಲಿಲ್ಲ.

ಅವಳು ಆ ಕೆಲಸಕ್ಕೆ ಸೇರಿದಾಗ ರೆಜ್ ರೇಗಿದ್ದ. "ದಿನವಿಡೀ ಅಪಘಾತ ನೋಡೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬರುತ್ತೆ?"

"ನಾನು ನೋಡೋದು ಬೀಳೋದನ್ನಲ್ಲ ರೆಜ್. ಎತ್ತೋದನ್ನ."

ಒಂದು ಶನಿವಾರ ಅವನನ್ನು ಆಫೀಸಿಗೆ ಕರೆದೊಯ್ದಳು. ಪರದೆಯ ಮುಂದೆ ಕೂರಿಸಿ, ಆಟದ ಹಿಡಿಕೆಯನ್ನು ಅವನ ಕೈಗಿಟ್ಟಳು.

"ನೀನು ಓಡ್ಸು. ನಾನು ಪಕ್ಕದಲ್ಲೇ ಕೂತಿರ್ತೀನಿ."

ಕೆಂಡ ಮುಟ್ಟಿದವನಂತೆ ಅವನು ಅದನ್ನು ಮೇಜಿನ ಮೇಲೆ ಹಾಕಿದ. "ಮಕ್ಕಳಾಟ," ಎಂದು ಎದ್ದು ಹೊರಟೇಬಿಟ್ಟ. ಅವಳು ಮತ್ತೆಂದೂ ಕರೆಯಲಿಲ್ಲ.

*

ಗ್ಯಾವಿನ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಆ ಶನಿವಾರ ನೀವು ಎದ್ದು ಹೋದ್ಮೇಲೆ, ನಿಮಗೆ ದಾರಿ ಹಿಡಿಸಲಿಲ್ವಾ ಅಂತ ನಾನು ಐರೀನ್‌ನ ಕೇಳಿದ್ದೆ. ಅವರು ಮಾತು ಬದಲಾಯಿಸಿಬಿಟ್ರು."

"ಯಾವ ದಾರಿ?"

"ಆಟದೊಳಗಿನ ದಾರಿ. ನಿಮಗೆ ಅಂತಲೇ ಮಾಡಿದ್ದು. ಊಟದ ಬಿಡುವಲ್ಲಿ ನಾವಿಬ್ಬರೂ ಕೂತು ಕಟ್ಟಿದ್ವಿ. ಅಗಲವಾದ ತಿರುವು, ಎರಡೂ ಕಡೆ ಗೋಡೆ. 'ಎಷ್ಟು ಜೋರಾಗಿ ಹೋದ್ರೂ ರೆಜ್ ಬೀಳಬಾರದು' ಅಂತಿದ್ರು. ನಿಮಗೆ ಹೇಳಲಿಲ್ವಾ?"

ರೆಜ್ ತಣ್ಣಗಾದ ಚಹಾವನ್ನು ಪಕ್ಕಕ್ಕೆ ಸರಿಸಿದ. "ಅದೀಗ ಎಲ್ಲಿದೆ?"

"ಎಲ್ಲೂ ಇಲ್ಲ. ಆಫೀಸು ಮುಚ್ಚಿದಾಗ ಎಲ್ಲಾ ಅಳಿಸಿ ಹೋಯ್ತು."

ಅವನು ಎದ್ದು ಕೊಲೆಟ್‌ಳ ಬಳಿ ಹೋದ. "ಮಗಳೇ, ನಿನ್ನ ಕಾರಲ್ಲಿ ನನ್ನ ಕರ್ಕೊಂಡು ಹೋಗ್ತೀಯಾ? ಸಮುದ್ರದ ರಸ್ತೇಲಿ."

ಕೊಲೆಟ್ ಕಾರಿನ ಕೀಲಿ ಕೈಗೆತ್ತಿಕೊಂಡಳು. ದಾರಿಯುದ್ದಕ್ಕೂ ಅವನು ಸೀಟ್‌ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ಅಂದು ಕಾರು ಜಾರಿದ್ದ ತಿರುವಿನಲ್ಲಿ ಈಗ ಆ ಪೊದೆಯೂ ಇರಲಿಲ್ಲ, ಹಳ್ಳವೂ ಇರಲಿಲ್ಲ. ಹೊಸ ಮನೆಗಳ ಸಾಲು ಎದ್ದಿತ್ತು. "ಇಲ್ಲೇನಾ?" ಎಂದಳು ಕೊಲೆಟ್. ಅವನು ಹೌದೆಂದು ತಲೆಯಾಡಿಸಿದ. ಅವಳು ಎಂಜಿನ್ ನಿಲ್ಲಿಸಿದಳು.

ಮಳೆ ಬಿಟ್ಟಿತ್ತು. ಒಂದು ಹಿತ್ತಲಲ್ಲಿ ಯಾವುದೋ ಹುಡುಗಿ ಟ್ರ್ಯಾಂಪೊಲೀನಿನ ಪುಟಿಯುವ ಹಾಸಿನ ಮೇಲೆ ನೆಗೆಯುತ್ತಿದ್ದಳು. ಬೇಲಿಗಿಂತ ಮೇಲೆ ಒದ್ದೆ ಕೂದಲು, ಕೆಂಪು ಸ್ವೆಟರು, ಚಾಚಿದ ಕೈಗಳು ಕಾಣುತ್ತಿದ್ದವು, ಒಂದು ಕ್ಷಣ ಅಲ್ಲೇ ನಿಲ್ಲುತ್ತಿದ್ದವು, ಮರೆಯಾಗುತ್ತಿದ್ದವು. ಪ್ರತಿ ಸಲ ಅವಳು ಮರೆಯಾದಾಗಲೂ, ಮತ್ತೆ ಕಾಣುವವರೆಗೆ ರೆಜ್ ಉಸಿರು ಬಿಗಿಹಿಡಿಯುತ್ತಿದ್ದ.