ಪಟ್ಟದ ರಾಣಿಗೆ ಹೊಸ ಬಣ್ಣ

ಕಣ್ಣು ಹೋದ ಮೇಲೆ ನನ್ನ ಬಾಯಿ ಜೋರಾಗಿದೆ ಎಂದು ಇವರು ಹೇಳುತ್ತಾರೆ. ಇವರು ಎಂದರೆ ನನ್ನ ಗಂಡ ಪುಟ್ಟಣ್ಣ. ಜೋರಾಗದೆ ಏನು ಮಾಡಲಿ? ಸಕ್ಕರೆ ಡಬ್ಬಿಯ ಜಾಗದಲ್ಲಿ ಉಪ್ಪಿನ ಡಬ್ಬಿ ಇಡುತ್ತಾರೆ. ನಡುಮನೆಗೆ ಕುರ್ಚಿ ಎಳೆದುಕೊಂಡು ಪೇಪರ್ ಓದಿ, ಅದನ್ನು ಅಲ್ಲೇ ಬಿಟ್ಟು ಏಳುತ್ತಾರೆ. ನನ್ನ ಮೊಣಕಾಲಿಗೆ ಅದು ಬಡಿದಾಗ ಅಗ್ರಹಾರದ ಅರ್ಧ ಬೀದಿಗೆ ಕೇಳುವಂತೆ ಬೈಯುತ್ತೇನೆ. ಇವರು ಕುರ್ಚಿಯನ್ನು ಗೋಡೆಗೆ ಸರಿಸುತ್ತಾರೆ. ಒಳ್ಳೆಯ ಮನುಷ್ಯ. ಮರುದಿನ ಕುರ್ಚಿ ಮತ್ತೆ ಅಲ್ಲೇ ಇರುತ್ತದೆ.

ಗ್ಲಾಕೋಮಾ ಎಂದರು ಡಾಕ್ಟರು. ಮೊದಲು ಪಕ್ಕದಲ್ಲಿ ಬರುವ ಸ್ಕೂಟರ್ ಕಾಣದಾಯಿತು, ಆಮೇಲೆ ಎದುರಿಗೆ ನಿಂತವರ ಮುಖ, ಕೊನೆಗೆ ಬೆಳಕು. ಅದಕ್ಕೂ ಹೇಗೋ ಒಗ್ಗಿಕೊಂಡೆ. ಹಾಲು ಉಕ್ಕುವುದು ಸದ್ದಿನಲ್ಲಿ ತಿಳಿಯುತ್ತದೆ, ಒಗ್ಗರಣೆ ವಾಸನೆಯಲ್ಲಿ. ಒಗ್ಗಲಾರದ್ದು ಒಂದೇ: ನನ್ನ ಮಗಳು ಮಾಲವಿಕಾಳ ಮುಖ ಮರೆತುಹೋಗುತ್ತಿದೆ. ಹೈಸ್ಕೂಲಿನಲ್ಲಿದ್ದಾಗ ಜ್ವರ ಬಂದು ತೀರಿಕೊಂಡಳು. ಕಣ್ಣಿದ್ದಷ್ಟು ದಿನ ಗೋಡೆಯ ಮೇಲಿನ ಫೋಟೋ ನೋಡಿ ನೋಡಿ ನೆನಪು ಉಳಿಸಿಕೊಂಡಿದ್ದೆ. ಈಗ ಆ ಫೋಟೋ ಸವರಿದರೆ ಕೈಗೆ ಗಾಜು ಸಿಗುತ್ತದೆ, ಅಷ್ಟೆ.

ಕೈಗೆ ಸಿಗುವ ಗುರುತು ಒಂದಿತ್ತು. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳು, ಮರದ ರಾಜ ಮತ್ತು ರಾಣಿ. ಆ ರಾಣಿಯ ಸೆರಗಿನ ಅಂಚಿನಲ್ಲಿ ಮಾಲವಿಕಾಳ ಹಲ್ಲಿನ ಗುರುತಿತ್ತು. ಹಲ್ಲು ಬರುವ ವಯಸ್ಸಿನಲ್ಲಿ, ನವರಾತ್ರಿಗೆ ಕೂರಿಸಿದ್ದ ಗೊಂಬೆಯನ್ನು ಎಳೆದುಕೊಂಡು ಕಚ್ಚಿದ್ದಳು. ಅತ್ತೆ ಮುಖ ಸಿಂಡರಿಸಿದ್ದರು, ನಾನು ನಕ್ಕಿದ್ದೆ. ಪುಟ್ಟ ಪುಟ್ಟ ಎರಡು ತಗ್ಗು. ಪ್ರತಿ ದಸರೆಗೆ ಪೆಟ್ಟಿಗೆಯಿಂದ ರಾಣಿಯನ್ನು ತೆಗೆದು, ಸೀರೆ ಉಡಿಸುವ ಮೊದಲು, ಆ ತಗ್ಗಿನಲ್ಲಿ ಬೆರಳಿಟ್ಟು ಸ್ವಲ್ಪ ಹೊತ್ತು ಕೂರುತ್ತಿದ್ದೆ. ಆಗ ಅವಳ ಜೊಲ್ಲು, ಗಲ್ಲ, ಬಾಯಿ, ಎಲ್ಲ ಬರುತ್ತಿದ್ದವು. ಇದನ್ನು ಇವರಿಗೂ ಹೇಳಿರಲಿಲ್ಲ. ಹೇಳಿದರೆ ಅಳುತ್ತಾರೆ, ಆಮೇಲೆ ನಾನೇ ಸಮಾಧಾನ ಮಾಡಬೇಕು.

ಹೋದ ದಸರೆಯಲ್ಲಿ ಗೊಂಬೆ ನೋಡಲು ಬಂದ ಎದುರು ಮನೆಯ ಪ್ರೇಮಲೀಲಾ, "ಪಾಪ, ಅಂಬುಜಾಗೆ ಕಾಣಲ್ವಲ್ಲ, ಗೊಂಬೆ ಬಣ್ಣ ಎಲ್ಲಾ ಹೋಗ್ಬಿಟ್ಟಿದೆ" ಎಂದಿದ್ದಳು. ನಾನು ಅರಿಶಿನ ಕುಂಕುಮ ಕೊಟ್ಟು ಕಳಿಸಿದೆ. ಇವರು ಮಾತ್ರ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾರೆಂದು ನನಗೆ ಗೊತ್ತಾಗಲಿಲ್ಲ.

ಈ ಸಲ ನವರಾತ್ರಿಯ ಮೊದಲ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಪೆಟ್ಟಿಗೆಯ ಮುಂದೆ ಕೂತೆ. ಮುಚ್ಚಳ ತೆಗೆದರೆ ಹೊಸ ಬಣ್ಣದ ವಾಸನೆ.

"ಮುಟ್ಟಿ ನೋಡು," ಎಂದರು ಇವರು, ಸಂಭ್ರಮದಿಂದ. "ಬನ್ನಿಮಂಟಪದಲ್ಲಿ ಒಬ್ರು ಮಾಡ್ತಾರೆ. ತಗ್ಗು, ಗೀರು ಒಂದೂ ಉಳೀದಂಗೆ ಮರಾನೇ ಉಜ್ಜಿ ಬಣ್ಣ ಹೊಡೆದಿದಾರೆ. ಪ್ರೇಮಲೀಲಾ ಈಗೇನಂತಾಳೋ ನೋಡೋಣ. ನಮ್ಮ ಮದ್ವೇಲಿ ಹೆಂಗಿದ್ಲೋ ಹಂಗೇ ಇದಾಳೆ ಕಣೇ ರಾಣಿ."

ರಾಣಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಬೆರಳು ಸೆರಗಿನ ಅಂಚಿಗೆ ಹೋಯಿತು. ನುಣುಪು. ತಿರುಗಿಸಿ ಹಿಡಿದಿರಬಹುದೆಂದು ಇನ್ನೊಂದು ಪಕ್ಕ ತಡವಿದೆ. ಅಲ್ಲೂ ನುಣುಪು. ಏನೂ ಇರುವುದಿಲ್ಲವೆಂದು ಗೊತ್ತಿದ್ದೂ ರಾಜನನ್ನೂ ತಡವಿದೆ. ಮಗಳನ್ನು ಇನ್ನೊಂದು ಸಲ ಕಳೆದುಕೊಂಡೆ.

"ಹೆಂಗಿದೆ?" ಎಂದು ಕೇಳಿದರು.

"ಚೆನ್ನಾಗಿದೆ ಕಣ್ರೀ."

ರೇಷ್ಮೆ ತುಂಡು ಉಡಿಸಲು ಹೊರಟೆ. ಕೈ ಮಾತ್ರ ಮತ್ತೆ ಮತ್ತೆ ಆ ಅಂಚಿಗೇ ಹೋಗುತ್ತಿತ್ತು.

"ಅಂಬುಜಾ, ಯಾಕೆ ಬೈತಿಲ್ಲ?"

"ಬೈಯಕ್ಕೇನಿದೆ?"

"ಒಂದು ಲೋಟ ಸರಿಸಿದ್ರೂ ಬೈತೀಯ. ನಿನ್ನ ಕೇಳ್ದೆ ಇಷ್ಟೆಲ್ಲಾ ಮಾಡಿದೀನಿ, ಸುಮ್ನಿದೀಯ."

ಬೆರಳು ಇನ್ನೂ ಅಲ್ಲೇ ಇತ್ತು. ಅವರು ಅದನ್ನೇ ನೋಡುತ್ತಿದ್ದಿರಬೇಕು.

"ಅಯ್ಯೋ," ಎಂದರು ಮೆಲ್ಲಗೆ. "ಮಾಲು ಕಚ್ಚಿದ್ದು."

ನನ್ನ ಕೈಯಿಂದ ರಾಣಿಯನ್ನು ತೆಗೆದುಕೊಂಡು ಪಕ್ಕದಲ್ಲೇ ಕೂತರು. ಕರಕರ ಸದ್ದು ಕೇಳಿತು. ಉಗುರಿನಿಂದ ಬಣ್ಣ ಕೆರೆಯುತ್ತಿದ್ದರು. ಅದರ ಚೂರು ನನ್ನ ಪಾದದ ಮೇಲೆ ಉದುರಿತು. ಅಳುವುದು ನನಗೆ ತಿಳಿಯಬಾರದೆಂದು ಉಸಿರು ಬಿಗಿಹಿಡಿದಿದ್ದರು.

"ಬಿಡ್ರೀ. ಮರಾನೇ ಉಜ್ಜಿದಾರೆ ಅಂದ್ರಲ್ಲ. ಸಿಗಲ್ಲ."

ಅವರು ಬಿಡಲಿಲ್ಲ. ಕೊನೆಗೆ ನಾನೇ ಅವರ ಕೈ ಹಿಡಿದು ನಿಲ್ಲಿಸಿದೆ. ಉಗುರಿನ ಸಂದಿ ರಕ್ತದಿಂದ ಒದ್ದೆಯಾಗಿತ್ತು.

"ಅವಳ ಮುಖ ಹೆಂಗಿತ್ತು, ಹೇಳಿ," ಎಂದೆ. "ನೀವು ಹೇಳ್ತಾ ಹೋಗಿ, ನಾನು ಕೇಳಿಸ್ಕೋತೀನಿ."

"ಮುಖ... ಸ್ವಲ್ಪ ನಿನ್ನ ಹಂಗೇ..." ಎಂದು ಶುರುಮಾಡಿದರು. ನಿಲ್ಲಿಸಿಬಿಟ್ಟರು. ಮತ್ತೆ "ಮುಖ" ಎಂದರು. ಮುಂದಕ್ಕೆ ಇವರಿಗೂ ನೆನಪಿಗೆ ಬರಲಿಲ್ಲ.

ಎದ್ದು ನಡುಮನೆಗೆ ಹೋದರು. ಗೋಡೆಯ ಮೊಳೆಯಿಂದ ಫೋಟೋ ತೆಗೆಯುವ ಸದ್ದು ನನಗೆ ಕೇಳಿಸಿತು.